ಕಾಲು ಕೂಗುವ ಮೊದಲು



ಸಂಕ್ರಾಂತಿಯ ಎಳ್ಳು-ಬೆಲ್ಲ ಇನ್ನೂ ಬಾಯಲ್ಲಿದೆ. ಯುಗಾದಿಗೆ ಎರಡು ತಿಂಗಳ ಮೇಲಿದೆ. ಆದರೂ ಯುಗಾದಿಯ ಪಾದಯಾತ್ರೆಯ ಮಾತನ್ನು ಇವತ್ತೇ ಎತ್ತುತ್ತಿದ್ದೇನೆ. ಯಾಕೆ ಎಂಬುದು ಮಾತು ಮುಗಿಯುವಷ್ಟರಲ್ಲಿ ನಿಮಗೇ ತಿಳಿದೀತು.

ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ. ಈ ನಾಲ್ಕೂ ತಾಲ್ಲೂಕುಗಳಲ್ಲಿ ಶ್ರೀಶೈಲಕ್ಕೆ ಒಬ್ಬರೂ ನಡೆದು ಹೋಗಿಲ್ಲ ಎನ್ನುವ ಊರು ಹುಡುಕಿದರೂ ಸಿಗಲಿಕ್ಕಿಲ್ಲ. ಹೋಳಿ ಹುಣ್ಣಿಮೆ ಬಂತೆಂದರೆ ಕಟ್ಟೆಯ ಮೇಲೆ ಒಂದೇ ವಿಚಾರ: ‘ಈ ಸಲ ಮಲ್ಲಯ್ಯನ ಕಡೆ ಯಾರ್ಯಾರು ಹೊಂಟೀರಿ?’ ಹೆಗಲ ಮೇಲೆ ಹೊತ್ತು ನಡೆಯುವ ಮಲ್ಲಯ್ಯನ ಕಂಬಿ ಸಿಂಗಾರವಾಗುತ್ತದೆ. ಕಟಕ ರೊಟ್ಟಿ, ಶೇಂಗಾ ಹಿಂಡಿ ಗಂಟು ಸೇರುತ್ತವೆ. ಕೆಲವರು ಬರಿಗಾಲ ಹರಕೆ ಹೊತ್ತಿರುತ್ತಾರೆ. ಕೆಲವರು ಮರಗಾಲು ಕಟ್ಟಿಕೊಂಡೇ ಹೊರಡುತ್ತಾರೆ.

ಲೆಕ್ಕ ಹಾಕಿ ನೋಡೋಣ. ಇಂಡಿಯ ಕಡೆಯಿಂದ ಶ್ರೀಶೈಲ ನಾಲ್ಕುನೂರು ಕಿಲೋಮೀಟರಿಗೆ ಕಡಿಮೆಯಿಲ್ಲ. ಹುಣ್ಣಿಮೆಗೆ ಹೊರಟವರು ಅಮಾವಾಸ್ಯೆಗೆ ಮುಟ್ಟಬೇಕು, ಅಂದರೆ ಹದಿನೈದು ದಿನ. ದಿನಕ್ಕೆ 27 ಕಿಲೋಮೀಟರಿನ ಆಸುಪಾಸು. ಒಂದು ಕಿಲೋಮೀಟರಿಗೆ 1,300 ಹೆಜ್ಜೆ ಹಿಡಿದರೂ ದಿನಕ್ಕೆ 35,000 ಹೆಜ್ಜೆ. ಒಂದೊಂದು ಹಿಮ್ಮಡಿಯೂ ಹದಿನೇಳು ಸಾವಿರಕ್ಕೂ ಹೆಚ್ಚು ಸಲ ನೆಲಕ್ಕೆ ಬಿದ್ದು ಏಳಬೇಕು. ಇದು ಒಂದು ದಿನದ ಮಾತು. ಮರುದಿನ ಮತ್ತೆ ಅಷ್ಟೇ.

ಇಷ್ಟು ದೂರ ನಡೆಯುವವರನ್ನು ಅರ್ಧ ದಾರಿಯಲ್ಲಿ ಗಾಡಿ ಹತ್ತಿಸುವುದು ಬಹಳ ಸಲ ಮಂಡಿಯ ನೋವೂ ಅಲ್ಲ, ಏದುಸಿರೂ ಅಲ್ಲ. ರೂಪಾಯಿ ನಾಣ್ಯದಷ್ಟು ಅಗಲದ ಒಂದು ನೀರುಗುಳ್ಳೆ.

ನಮ್ಮ ಕಡೆ ಅದಕ್ಕೆ ಗುಳ್ಳಿ ಎನ್ನುತ್ತೇವೆ, ಬೊಬ್ಬೆ ಎಂದೂ ಅನ್ನುತ್ತೇವೆ. ಕನ್ನಡದಲ್ಲಿ ಬೊಬ್ಬೆಗೆ ಇನ್ನೊಂದು ಅರ್ಥವಿದೆ: ಜೋರಾದ ಕೂಗು. ಒಂದೇ ಮಾತಿಗೆ ಈ ಎರಡು ಅರ್ಥ ಹೇಗೆ ಬಂದವೋ, ನನಗಂತೂ ಎರಡೂ ಒಂದೇ ಆಗಿ ಕಾಣುತ್ತವೆ. ಬೊಬ್ಬೆ ಎಂದರೆ ಕಾಲಿನ ಕೂಗು. ಮೆಲ್ಲಗೆ ಹೇಳಿದಾಗ ನಾವು ಕೇಳಲಿಲ್ಲವೆಂದು ಕಾಲು ಕೊನೆಗೆ ಕೂಗುತ್ತದೆ.

ಪಾದಯಾತ್ರೆಯ ದಾರಿಯ ದಾಸೋಹದ ಡೇರೆಯಲ್ಲಿ ಕೂತು, ನಡೆದು ಬಂದವರ ಕಾಲು ತೊಳೆದು ಪಟ್ಟಿ ಕಟ್ಟಿದ ವೈದ್ಯ ನಾನು. ಅಲ್ಲಿಗೆ ಒಮ್ಮೆ ಇಪ್ಪತ್ತರ ಹುಡುಗನೊಬ್ಬ ಕುಂಟುತ್ತ ಬಂದ. ಹೊಸ ಬೂಟು. ಕಾಲುಚೀಲ ಹಿಮ್ಮಡಿಗೆ ಅಂಟಿಕೊಂಡಿತ್ತು. ಬಿಸಿನೀರಿನಲ್ಲಿ ನೆನೆಸಿ ಮೆಲ್ಲಗೆ ಬಿಡಿಸುತ್ತ ಕೇಳಿದೆ:

‘ಎಂದಿಂದ ಉರಿಯಾಕತ್ತದ, ತಮ್ಮಾ?’

‘ನಿನ್ನಿ ಮುಂಜಾನಿಂದ್ರೀ.’

‘ಮತ್ತ ಆಗಲೇ ನಿಂತು ನೋಡಬೇಕಿಲ್ಲ?’

‘ಎಲ್ಲಾರೂ ಮುಂದ ಹೊಂಟಿದ್ರ್ರೀ. ನಾನೊಬ್ಬಾವ ಹೆಂಗ ನಿಂದರ್ಲಿ?’

ಆ ಕೊನೆಯ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಬೊಬ್ಬೆಯ ಔಷಧ ಅಂಗಡಿಯಲ್ಲಿ ಸಿಗುತ್ತದೆ. ಈ ಮಾತಿಗೆ ಔಷಧ ನಾವೇ ಹುಡುಕಬೇಕು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು, ಬೊಬ್ಬೆ ಏಳುವುದು ಹೇಗೆ? ಚರ್ಮದ ಮೇಲ್ಮೈ ಸವೆದು ಏಳುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಹೆಜ್ಜೆ ಇಟ್ಟಾಗ ಒಳಗಿನ ಎಲುಬು ಮುಂದೆ ಜರುಗುತ್ತದೆ. ಬೂಟಿಗೋ ಚಪ್ಪಲಿಯ ಪಟ್ಟಿಗೋ ಕಚ್ಚಿಕೊಂಡ ಮೇಲ್ಚರ್ಮ ಅಲ್ಲೇ ನಿಲ್ಲುತ್ತದೆ. ನಡುವಿನ ಪದರ ಅತ್ತಿತ್ತ ಜಗ್ಗಾಡುತ್ತದೆ. ಸಾವಿರ ಸಲ ಜಗ್ಗಿದಾಗ ಮೇಲ್ಪದರದ ಒಳಗೇ ಒಂದು ಬಿರುಕು ಬಿಟ್ಟು, ಮುಂದಿನ ಎರಡು ತಾಸಿನೊಳಗೆ ಅಲ್ಲಿ ನೀರು ತುಂಬುತ್ತದೆ. ಆ ನೀರು ಹೊಲಸಲ್ಲ, ರಕ್ತದಿಂದ ಸೋಸಿ ಬಂದ ತಿಳಿ. ಮೇಲಿನ ಚರ್ಮ ಹರಿಯದೆ ಉಳಿದರೆ ಅದೇ ಎಲ್ಲಕ್ಕಿಂತ ಒಳ್ಳೆಯ ಪಟ್ಟಿ. ಅದರ ಕೆಳಗೆ ಒಂದು ದಿನದಲ್ಲೇ ಹೊಸ ಚರ್ಮದ ಕೆಲಸ ಶುರುವಾಗಿ, ಐದು ದಿನಕ್ಕೆ ಹೊಸ ಪದರ ಕಟ್ಟಿಕೊಳ್ಳುತ್ತದೆ.

ಬೊಬ್ಬೆ ಏಳಲು ಮೂರು ಕಾರಣ: ತಿಕ್ಕಾಟ, ತೇವ, ಬಿಸಿ. ಮೂರೂ ನಮ್ಮ ದಾರಿಯಲ್ಲಿವೆ. ಯುಗಾದಿಯ ಹೊತ್ತಿಗೆ ರಾಯಚೂರು, ಕರ್ನೂಲಿನ ಡಾಂಬರು ರಸ್ತೆ ಮಧ್ಯಾಹ್ನ 60 ಡಿಗ್ರಿ ಮುಟ್ಟಬಹುದು. ಬರಿಗಾಲಿನವರಿಗೆ ಅಲ್ಲಿ ಏಳುವುದು ತಿಕ್ಕಿದ ಬೊಬ್ಬೆಯಲ್ಲ, ಸುಟ್ಟ ಬೊಬ್ಬೆ. ಆತ್ಮಕೂರು ದಾಟಿ, ವೆಂಕಟಾಪುರದಿಂದ ನಾಗಲೂಟಿ, ಪೆದ್ದಚೆರುವು ಹಾದು ಭೀಮನ ಕೊಳ್ಳಕ್ಕೆ ಹೋಗುವ ನಲ್ಲಮಲ ಕಾಡಿನಲ್ಲಿ ಡಾಂಬರು ಇಲ್ಲ, ಆದರೆ ಕಲ್ಲು, ಇಳಿಜಾರು, ಮೆಟ್ಟಿಲು. ಇಳಿಯುವಾಗ ಬೆರಳುಗಳು ಬೂಟಿನ ಮೂತಿಗೆ ಬಡಿಯುತ್ತವೆ. ಏರುವಾಗ ಹಿಮ್ಮಡಿ ಎದ್ದು ಎದ್ದು ತಿಕ್ಕುತ್ತದೆ. ಹದಿಮೂರು ದಿನ ಏನೂ ಆಗದ ಕಾಲಿಗೂ ಭೀಮನ ಕೊಳ್ಳದ ಆಚೆಯ ಕೈಲಾಸ ದ್ವಾರದ ಹತ್ತಿರ ಬೊಬ್ಬೆ ಏಳುವುದು ಇದಕ್ಕೇ.

ಇಂಡಿ, ಸಿಂದಗಿ ಕಡೆಯವರಿಗೆ ಇನ್ನೊಂದು ದಾರಿಯೂ ಇದೆ. ಆಷಾಢ ಏಕಾದಶಿಗೆ ಭೀಮಾ ನದಿಯ ದಡದ ಪಂಢರಪುರಕ್ಕೆ. ಅದು ಮಳೆಯ ದಾರಿ. ಇಡೀ ದಿನ ಒದ್ದೆಯಾಗಿ ಸುಕ್ಕುಗಟ್ಟಿದ ಚರ್ಮಕ್ಕೆ ಬಲವಿರುವುದಿಲ್ಲ. ಬಿಸಿಲ ದಾರಿಯಲ್ಲಿ ಬೆವರು, ಮಳೆಯ ದಾರಿಯಲ್ಲಿ ಕೆಸರು. ತೇವ ಎಲ್ಲಿಂದ ಬಂದರೂ ಚರ್ಮ ಬೂಟಿಗೆ ಹೆಚ್ಚು ಕಚ್ಚಿಕೊಳ್ಳುತ್ತದೆ. ಗುಲ್ಮಾರ್ಗದಲ್ಲಿ, ಔಲಿಯಲ್ಲಿ ಸ್ಕೀ ಹಲಗೆ ಕಟ್ಟಿಕೊಂಡು ಹಿಮದ ಗುಡ್ಡ ಏರುವವರಿಗೂ ಇದೇ ಕಾಟ. ಹೊರಗೆ ಹಿಮ, ಗಟ್ಟಿ ಬೂಟಿನೊಳಗೆ ಬೆವರು, ಪ್ರತಿ ಹೆಜ್ಜೆಗೂ ಏಳುವ ಹಿಮ್ಮಡಿ. ಅವರಲ್ಲಿ ಬಹಳ ಜನ ಮನೆ ಬಿಡುವಾಗಲೇ ಹಿಮ್ಮಡಿಗೆ ಟೇಪ್ ಹಚ್ಚಿಕೊಂಡು ಹೊರಡುತ್ತಾರೆ. ಆ ಒಂದು ರೂಢಿಯನ್ನು ನಾವೂ ಕಲಿಯಬಹುದು.

ಈಗ ತಡೆಯುವ ಮಾತು. ಇಲ್ಲಿ ನಮ್ಮ ರೈತರಿಗೆ ನಾನು ಹೊಸದೇನೂ ಹೇಳಬೇಕಾಗಿಲ್ಲ. ಹೊಸ ಹೋರಿಯನ್ನು ಮೊದಲ ದಿನವೇ ಇಡೀ ಎಕರೆ ಹೊಡೆಯಲು ಯಾರೂ ಹೂಡುವುದಿಲ್ಲ. ಹೂಡಿದರೆ ನೊಗ ತಿಕ್ಕಿ ಹೆಗಲು ಬಾಯುತ್ತದೆ. ಅದಕ್ಕೆ ಮೊದಲು ಬರೀ ನೊಗ, ಆಮೇಲೆ ಹಗುರ ಕೆಲಸ, ದಿನಕ್ಕೆ ಇಷ್ಟಿಷ್ಟೇ ಎಂದು ಪಳಗಿಸುತ್ತಾರೆ. ಸುಗ್ಗಿಯಲ್ಲಿ ಹೊಸದಾಗಿ ಕುಡುಗೋಲು ಹಿಡಿದ ಕೈಗೆ ಗುಳ್ಳೆ ಏಳುತ್ತದೆ, ಹಳಬರ ಕೈ ದಡ್ಡುಗಟ್ಟಿರುತ್ತದೆ. ಚರ್ಮಕ್ಕೂ ಪಳಗುವ ಗುಣವಿದೆ. ಎತ್ತಿಗೆ ಕೊಟ್ಟ ತಾಳ್ಮೆಯನ್ನು ನಾವು ನಮ್ಮ ಕಾಲಿಗೆ ಕೊಡುವುದಿಲ್ಲ, ಅಷ್ಟೇ.

ಈ ಮಾತನ್ನು ಸಂಕ್ರಾಂತಿಗೇ ಎತ್ತಿದ್ದು ಇದಕ್ಕೇ. ನಾಳೆಯಿಂದ ಮುಂಜಾನೆ ಎರಡು ಮೂರು ಕಿಲೋಮೀಟರ್ ನಡೆಯಿರಿ. ವಾರ ವಾರಕ್ಕೆ ತುಸು ತುಸು ಹೆಚ್ಚಿಸಿ. ಶಿವರಾತ್ರಿಯ ಹೊತ್ತಿಗೆ ಹತ್ತು ಹನ್ನೆರಡು ಕಿಲೋಮೀಟರ್ ಸಲೀಸಾಗಬೇಕು. ಹೊರಡುವ ಮೊದಲು ಒಂದೆರಡು ಸಲವಾದರೂ ಎರಡು ದಿನ ಬಿಡದೆ ಇಪ್ಪತ್ತಿಪ್ಪತ್ತು ನಡೆದು ನೋಡಿ. ಯಾವ ಬೂಟು, ಯಾವ ಚಪ್ಪಲಿ ಹಾಕಿಕೊಂಡು ಶ್ರೀಶೈಲಕ್ಕೆ ಹೋಗುತ್ತೀರೋ ಅದರಲ್ಲೇ ನಡೆಯಿರಿ. ಜಾತ್ರೆಗೆ ಹೊಸ ಬಟ್ಟೆ ಸರಿ, ಪಾದಯಾತ್ರೆಗೆ ಹೊಸ ಬೂಟು ಬೇಡ. ಕೊಳ್ಳುವುದಿದ್ದರೆ ಈಗಲೇ ಕೊಳ್ಳಿ, ಅದೂ ಸಂಜೆಯ ಹೊತ್ತು. ದಿನವಿಡೀ ಓಡಾಡಿದ ಕಾಲು ಸಂಜೆಗೆ ತುಸು ಉಬ್ಬಿರುತ್ತದೆ, ದಾರಿಯಲ್ಲಿ ಇನ್ನೂ ಉಬ್ಬುತ್ತದೆ. ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಇರಲಿ, ಆದರೆ ಹಿಮ್ಮಡಿ ಸಡಿಲಾಗಿ ಜಾರಬಾರದು.

ಹತ್ತಿಯ ಕಾಲುಚೀಲ ಬೆವರು ಕುಡಿದರೆ ಬೇಗ ಒಣಗುವುದಿಲ್ಲ. ನೈಲಾನ್ ಅಥವಾ ಪಾಲಿಸ್ಟರಿನ ತೆಳು ಚೀಲವನ್ನು ಒಳಗೆ, ದಪ್ಪನೆಯದನ್ನು ಮೇಲೆ ಹಾಕಿದರೆ ತಿಕ್ಕಾಟ ಚೀಲ-ಚೀಲದ ನಡುವೆ ನಡೆಯುತ್ತದೆ, ಚರ್ಮ ಉಳಿಯುತ್ತದೆ. ಇನ್ನೊಂದು ಜೋಡಿ ಜೋಳಿಗೆಗೆ ಕಟ್ಟಿಕೊಳ್ಳಿ. ಮುಂಜಾನೆ ತೊಟ್ಟದ್ದು ಮಧ್ಯಾಹ್ನ ಒಣಗಲಿ. ಉಗುರನ್ನು ಹೊರಡುವ ಎರಡು ಮೂರು ದಿನ ಮೊದಲೇ ನೆಟ್ಟಗೆ ಕತ್ತರಿಸಿ. ಒಡೆದ ಹಿಮ್ಮಡಿ ಎರೆಭೂಮಿಯವರಿಗೆ ಹೊಸದಲ್ಲ. ರಾತ್ರಿ ಬಿಸಿನೀರಿನಲ್ಲಿ ನೆನೆಸಿ, ದಪ್ಪ ದಡ್ಡನ್ನು ಕಲ್ಲಿನಿಂದ ಹಗುರಾಗಿ ತಿಕ್ಕಿ, ಔಡಲೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಸವರಿ. ದಡ್ಡು ತೆಳುವಾಗಿದ್ದರೆ ಕಾವಲು. ತೀರಾ ದಪ್ಪವಾದರೆ ಅದರ ಅಡಿಯಲ್ಲೇ ಬೊಬ್ಬೆ ಎದ್ದು, ಒಡೆಯಲೂ ಬಾರದೆ ಬಿಡಲೂ ಬಾರದೆ ಕಾಡುತ್ತದೆ.

ಔಷಧದ ಅಂಗಡಿಯಲ್ಲಿ ಪಟ್ಟಿ ಅಂಟಿಸುವ ಬಿಳಿಯ ಪೇಪರ್ ಟೇಪ್ ಸಿಗುತ್ತದೆ. ಮೈಕ್ರೋಪೋರ್ ಎಂದು ಕೇಳಿದರೂ ಕೊಡುತ್ತಾರೆ, ಬೆಲೆ ಹೆಚ್ಚಿಲ್ಲ. ಮರುಭೂಮಿಗಳಲ್ಲಿ 250 ಕಿಲೋಮೀಟರ್ ಓಡುವ 128 ಓಟಗಾರರ ಕಾಲಿನ ಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡ್ ವೈದ್ಯರು ಇದನ್ನು ಪರೀಕ್ಷಿಸಿದರು. 2016ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಈ ಸಾದಾ ಟೇಪಿನಿಂದ ಬೊಬ್ಬೆಗಳು ಶೇಕಡ 40ರಷ್ಟು ತಗ್ಗಿದವು. ತರಬೇತಿಯ ನಡಿಗೆಯಲ್ಲಿ ನಿಮ್ಮ ಕಾಲು ಎಲ್ಲಿ ಕೆಂಪಾಗುತ್ತದೆಂದು ನೋಡಿಟ್ಟುಕೊಳ್ಳಿ. ಒಣಗಿದ ಚರ್ಮದ ಮೇಲೆ, ಸುಕ್ಕು ಬೀಳದಂತೆ, ಹೊರಡುವ ಮೊದಲು ಅಲ್ಲಿ ಹಚ್ಚಿ. ಎಣ್ಣೆ ಹಚ್ಚಿದ ಜಾಗದಲ್ಲಿ ಟೇಪ್ ನಿಲ್ಲುವುದಿಲ್ಲ. ವ್ಯಾಸಲೀನ್ ಹಚ್ಚುವವರು ಒಂದು ವಿಷಯ ನೆನಪಿಡಿ: ಮೊದಲ ತಾಸು ಜಾರುತ್ತದೆ, ಕೆಲವು ತಾಸಿನ ನಂತರ ಅದೇ ಹೆಚ್ಚು ಕಚ್ಚುತ್ತದೆ. ಚಕ್ಕಡಿಯ ಅಚ್ಚಿಗೆ ಮತ್ತೆ ಮತ್ತೆ ಎಣ್ಣೆ ಬಿಟ್ಟಂತೆ ಪ್ರತಿ ತಂಗುದಾಣದಲ್ಲೂ ಒರೆಸಿ ಮತ್ತೆ ಹಚ್ಚಬೇಕು. ಮರಗಾಲಿನವರು ಪಟ್ಟಿ ಬಿಗಿಯುವ ಜಾಗಕ್ಕೆ ಮೆತ್ತನೆಯ ಬಟ್ಟೆ ಸುತ್ತಿಕೊಂಡೇ ಬಿಗಿಯಿರಿ.

ಬರಿಗಾಲ ಹರಕೆಯವರಲ್ಲಿ ನನ್ನ ವಿನಂತಿ ಇಷ್ಟು. ನಸುಕಿನ ಮೂರಕ್ಕೆ ಹೊರಟು ಹತ್ತರೊಳಗೆ ನೆರಳು ಸೇರಿ, ಮತ್ತೆ ಬಿಸಿಲು ಇಳಿದ ಮೇಲೆ ಹೊರಡಿ. ಡಾಂಬರು ಬಿಟ್ಟು ಪಕ್ಕದ ಮಣ್ಣಿನ ಮೇಲೆ ನಡೆಯಿರಿ. ಕತ್ತಲಲ್ಲಿ ನಡೆಯುವವರ ಬೆನ್ನಿಗೆ ಹೊಳೆಯುವ ಪಟ್ಟಿ ಇರಲಿ. ಧನುರ್ವಾಯುವಿನ ಚುಚ್ಚುಮದ್ದು ಪಡೆದು ಹತ್ತು ವರ್ಷ ಕಳೆದಿದ್ದರೆ ಹೊರಡುವ ಮೊದಲೇ ಹಾಕಿಸಿಕೊಳ್ಳಿ.

ಇನ್ನು ಬೊಬ್ಬೆ ಎದ್ದೇಬಿಟ್ಟರೆ? ಚಿಕ್ಕದಿದ್ದು ನೋವಿಲ್ಲದಿದ್ದರೆ ಒಡೆಯಬೇಡಿ. ಮೇಲೆ ಪಟ್ಟಿ ಹಚ್ಚಿ ಮುಂದೆ ನಡೆಯಿರಿ. ದೊಡ್ಡದಾಗಿ ಬಿಗಿದು, ಕಾಲೂರಲು ಬಾರದಂತಿದ್ದರೆ ಮಾತ್ರ ನೀರು ತೆಗೆಯಬೇಕು. ಕೈಯನ್ನೂ ಕಾಲನ್ನೂ ಸಾಬೂನಿನಿಂದ ತೊಳೆಯಿರಿ. ಪೊವಿಡೋನ್ ಅಯೋಡಿನ್ ಹಚ್ಚಿ. ಔಷಧದಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುವ ಹೊಸ ಸೂಜಿಯಿಂದ ಬೊಬ್ಬೆಯ ಅಂಚಿನಲ್ಲಿ, ಬುಡದ ಹತ್ತಿರ, ಎರಡು ಮೂರು ಕಡೆ ಚುಚ್ಚಿ. ಶುಭ್ರವಾದ ಗಾಜ್ ಬಟ್ಟೆಯಿಂದ ಮೆಲ್ಲಗೆ ಒತ್ತಿ ನೀರು ತೆಗೆಯಿರಿ. ಮೇಲಿನ ಚರ್ಮವನ್ನು ಮಾತ್ರ ಕೀಳಬೇಡಿ, ಹಾಸಿದಂತೆ ಹಾಗೇ ಇರಲಿ. ಮೇಲೆ ಪಟ್ಟಿ ಕಟ್ಟಿ. ಮೊದಲ ದಿನ ಮತ್ತೆ ನೀರು ತುಂಬುವುದುಂಟು. ಆಗ ಇದೇ ರೀತಿ ಮತ್ತೆ ತೆಗೆಯಬಹುದು. ಭಾರ ಬೀಳುವ ಜಾಗವಾದರೆ, ತಲೆಯ ಮೇಲಿನ ಕೊಡಕ್ಕೆ ಸಿಂಬಿ ಇಟ್ಟಂತೆ, ಬಟ್ಟೆಯ ಚಿಕ್ಕ ಸಿಂಬಿ ಮಾಡಿ ಬೊಬ್ಬೆಯ ಸುತ್ತ ಕೂರಿಸಿ. ಭಾರವನ್ನು ಸುತ್ತಲಿನ ಚರ್ಮ ಹೊರುತ್ತದೆ.

ಮಾಡಬಾರದ್ದು ಕೆಲವಿವೆ. ಸೂಜಿಯಿಂದ ದಾರ ಪೋಣಿಸಿ ಬೊಬ್ಬೆಯೊಳಗೇ ಬಿಡುವವರಿದ್ದಾರೆ. ನೀರು ಇಳಿಯುತ್ತದೆ, ನಿಜ, ಆದರೆ ಅದೇ ದಾರ ಹಿಡಿದು ರಸ್ತೆಯ ಹೊಲಸು ಒಳಗೆ ಹೋಗುತ್ತದೆ. ಒಡೆದ ಬೊಬ್ಬೆಗೆ ಸುಣ್ಣ, ಬೂದಿ, ತಂಬಾಕು ಹಚ್ಚಬೇಡಿ. ಇಂಡಿಯ ನಿಂಬೆಹಣ್ಣಿನ ಪಾನಕ ಹೊಟ್ಟೆಗೆ ಬೇಕು, ಗಾಯಕ್ಕೆ ಬೇಡ. ಬಿಸಿಲಿಗೆ ಸುಟ್ಟ ಬೊಬ್ಬೆಯನ್ನು ನೀವೇ ಒಡೆಯಬೇಡಿ. ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಕಾಲಿಟ್ಟು, ಪಟ್ಟಿ ಕಟ್ಟಿಸಿಕೊಂಡು, ಅವತ್ತು ವಿಶ್ರಾಂತಿ ತೆಗೆದುಕೊಳ್ಳಿ. ನೋವಿನ ಗುಳಿಗೆಗಳನ್ನು ಬರಿಹೊಟ್ಟೆಯಲ್ಲಿ, ನೀರಡಿಸಿದ ಮೈಯಲ್ಲಿ ಮೇಲಿಂದ ಮೇಲೆ ನುಂಗಬೇಡಿ, ಮೂತ್ರಪಿಂಡಕ್ಕೆ ಪೆಟ್ಟು. ಗುಳಿಗೆಗೆ ಇನ್ನೊಂದು ದೋಷವಿದೆ, ಅದು ಕಾಲಿನ ಬಾಯಿ ಮುಚ್ಚುತ್ತದೆ.

ಬೊಬ್ಬೆಯಿಂದ ಏನಾದೀತು ಎಂದು ಹಗುರ ಮಾಡಬೇಡಿ. 1924ರ ಜೂನ್ ಕೊನೆಯಲ್ಲಿ ಅಮೆರಿಕದ ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ಅವರ ಹದಿನಾರು ವರ್ಷದ ಮಗ ಕಾಲುಚೀಲವಿಲ್ಲದೆ ಬೂಟು ಹಾಕಿ ಟೆನಿಸ್ ಆಡಿದ. ಕಾಲ್ಬೆರಳಿನ ಮೇಲೆ ಒಂದು ಗುಳ್ಳೆ ಎದ್ದಿತು. ನಂಜು ರಕ್ತಕ್ಕೆ ಏರಿತು. ಜುಲೈ 7ರಂದು ಹುಡುಗ ತೀರಿಕೊಂಡ. ಪೆನಿಸಿಲಿನ್ ಇನ್ನೂ ಬಾರದ ಕಾಲವದು. ದೊಡ್ಡ ದೊಡ್ಡ ವೈದ್ಯರು ಸುತ್ತ ನಿಂತಿದ್ದರೂ ಉಳಿಸಲಾಗಲಿಲ್ಲ. ಇಂದು ನಮ್ಮಲ್ಲಿ ಔಷಧವಿದೆ, ಹೊತ್ತಿಗೆ ಸರಿಯಾಗಿ ಹೋಗಬೇಕಷ್ಟೆ. ಬೊಬ್ಬೆಯ ಸುತ್ತ ಕೆಂಪು ಹಬ್ಬುತ್ತಿದ್ದರೆ, ಕೀವು ಕಂಡರೆ, ಕಾಲಿನ ಮೇಲೆ ಕೆಂಪು ಗೆರೆ ಏರಿದರೆ, ತೊಡೆಯ ಸಂದಿನಲ್ಲಿ ಗಂಟು ಕಟ್ಟಿದರೆ, ಚಳಿಜ್ವರ ಬಂದರೆ ನಡಿಗೆ ಅಲ್ಲಿಗೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ.

ಸಕ್ಕರೆ ಕಾಯಿಲೆಯವರಲ್ಲಿ ಕೈಮುಗಿದು ಒಂದು ಮಾತು. ನಿಮ್ಮ ಕಾಲು ಕೂಗದೇ ಇರಬಹುದು. ಬಹಳ ವರ್ಷದ ಸಕ್ಕರೆ ಪಾದದ ನರಗಳನ್ನು ಮರಗಟ್ಟಿಸುತ್ತದೆ. ಕುಷ್ಠರೋಗವೂ ಹಾಗೆಯೇ. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಡಾಕ್ಟರ್ ಪಾಲ್ ಬ್ರಾಂಡ್ 1946ರಲ್ಲಿ ವೆಲ್ಲೂರಿಗೆ ಬಂದು, ಅಲ್ಲಿ ಕುಷ್ಠರೋಗಿಗಳ ನಡುವೆ ದುಡಿದರು. ಆ ರೋಗಿಗಳ ಕೈಕಾಲು ಹಾಳಾಗುವುದು ರೋಗ ತಿಂದು ಅಲ್ಲ, ನೋವು ತಿಳಿಯದೆ ಅದೇ ಗಾಯದ ಮೇಲೆ ನಡೆದೂ ನಡೆದೂ ಎಂದು ತೋರಿಸಿದರು. ಆ ಅರಿವಿನಿಂದ ಬಂದದ್ದೇ ಮೆತ್ತನೆಯ ರಬ್ಬರಿನ ಎಂಸಿಆರ್ ಚಪ್ಪಲಿ. ಇಂದು ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಬರೆದುಕೊಡುವುದು ಅದನ್ನೇ. ನೋವು ಶಾಪವಲ್ಲ, ಕಾವಲುಗಾರ. ಕಾವಲುಗಾರನಿಲ್ಲದ ಮನೆಗೆ ಕಣ್ಣೇ ಕಾವಲು. ಪ್ರತಿ ತಂಗುದಾಣದಲ್ಲೂ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ, ಇಲ್ಲವೇ ಜೊತೆಯವರಿಗೆ ತೋರಿಸಿ. ಬರಿಗಾಲ ಹರಕೆ ಹೊರಬೇಡಿ. ಹೊತ್ತಿದ್ದರೆ ಬೇರೆ ಸೇವೆಯಾಗಿ ಒಪ್ಪಿಸಬಹುದೇ ಎಂದು ಮಠದ ಹಿರಿಯರನ್ನು ಕೇಳಿ. ಬೊಬ್ಬೆ ಎದ್ದರೆ ನೀವಾಗಿ ಚುಚ್ಚಬೇಡಿ, ವೈದ್ಯರ ಬಳಿ ಹೋಗಿ.

ಈಗ ಆ ಹುಡುಗನ ಪ್ರಶ್ನೆ: ‘ನಾನೊಬ್ಬಾವ ಹೆಂಗ ನಿಂದರ್ಲಿ?’

ಬೊಬ್ಬೆ ಏಳುವ ಮೊದಲು ಆ ಜಾಗ ಚುರುಗುಟ್ಟುತ್ತದೆ. ಅದು ಕಾಲಿನ ಮೆಲುಮಾತು. ಆಗ ನಿಂತು, ಬೂಟು ಬಿಚ್ಚಿ, ಹರಳು ಕೊಡವಿ, ಕಾಲು ಒಣಗಿಸಿ, ಟೇಪ್ ಹಚ್ಚಿದರೆ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಕೊಡದವರು ಆಮೇಲೆ ಐದು ದಿನ ಕೊಡಬೇಕಾಗುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೂ ನಿಲ್ಲುವುದಿಲ್ಲ. ನಾನು ನಿಂತರೆ ಎಲ್ಲರಿಗೂ ತಡ, ನನ್ನ ಭಕ್ತಿ ಕಡಿಮೆ ಎಂದುಕೊಂಡಾರು ಎಂಬ ಸಂಕೋಚ. ಈ ಸಂಕೋಚವನ್ನು ಒಬ್ಬಂಟಿಯಾಗಿ ಗೆಲ್ಲು ಎಂದು ಇಪ್ಪತ್ತರ ಹುಡುಗನಿಗೆ ಹೇಳುವುದು ನ್ಯಾಯವಲ್ಲ. ಗೆಲ್ಲಿಸಬೇಕಾದವರು ಕಂಬಿಯ ಮುಂದೆ ನಡೆಯುವ ಹಿರಿಯರು.

ಆದ್ದರಿಂದ ನನ್ನ ಕೊನೆಯ ವಿನಂತಿ ಹಿರಿಯರಿಗೆ. ಪ್ರತಿ ಊರಿನ ಕಂಬಿಯ ಜೊತೆ ಒಂದು ಕಾಲಿನ ಗಂಟು ಇರಲಿ: ಪೇಪರ್ ಟೇಪ್, ಕತ್ತರಿ, ಗಾಜ್, ಅಯೋಡಿನ್, ಸಾಬೂನು, ಹೊಸ ಸೂಜಿಗಳು, ಓಆರ್‌ಎಸ್ ಪೊಟ್ಟಣ. ಅದನ್ನು ಹೊರುವುದೂ ಒಂದು ಸೇವೆಯೆಂದು ಒಬ್ಬರಿಗೆ ವಹಿಸಿ. ಹೊರಟ ಮೊದಲ ಅರ್ಧ ತಾಸಿಗೆ ಒಮ್ಮೆ, ಆಮೇಲೆ ತಾಸಿಗೊಮ್ಮೆ, ಯಾರೂ ಕೇಳುವ ಮೊದಲೇ ನೀವೇ ನಿಂತು ಹೇಳಿ: ‘ಎಲ್ಲಾರೂ ಕುಂದರ್ರಿ, ಕಾಲು ನೋಡ್ಕೋರಿ.’ ಮೊದಲು ನಿಮ್ಮ ಬೂಟು ಬಿಚ್ಚಿ. ಹಿರಿಯರು ಬಿಚ್ಚಿದ ಮೇಲೆ ಕಿರಿಯರಿಗೆ ಏನು ನಾಚಿಕೆ?

ಆ ಹುಡುಗನನ್ನು ಅವತ್ತು ನಾವು ಕರ್ನೂಲಿನ ಬಸ್ಸಿಗೆ ಹತ್ತಿಸಿದೆವು. ಕಿಟಕಿಯ ಹತ್ತಿರ ಕೂತು, ರಸ್ತೆಯಲ್ಲಿ ನಡೆದು ಹೋಗುತ್ತಿದ್ದ ತನ್ನೂರಿನವರನ್ನು ಕುತ್ತಿಗೆ ಹೊರಳಿಸಿ ನೋಡುತ್ತಲೇ ಹೋದ. ಈ ವರ್ಷ ನಿಮ್ಮೂರಿನ ಯಾವ ಹುಡುಗನೂ ಹಾಗೆ ನೋಡುತ್ತ ಹೋಗಬೇಕಾಗದಿರಲಿ. ನಾಳೆ ಮುಂಜಾನೆ ಊರ ಹೊರಗಿನ ರಸ್ತೆಯಲ್ಲಿ ಎರಡು ಕಿಲೋಮೀಟರ್ ನಡೆದು ಬನ್ನಿ. ಬಂದ ಮೇಲೆ ಕಟ್ಟೆಯ ಮೇಲೆ ಕೂತು ಕಾಲು ನೋಡಿಕೊಳ್ಳಿ.